ಸ್ಪೇನಿನ ಯುದ್ಧ ಓದಲು ಹೊರಟವನಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜ್ ನೋಡಿದೆ. ಸ್ಪೇನ್ ಅಂತರ್ಯುದ್ಧದ ಬಗ್ಗೆ ಪಕ್ಷಪಾತ ಇಲ್ಲದ ಒಂದು ಪುಸ್ತಕ, ಒಂದು ಡಾಕ್ಯುಮೆಂಟರಿ ಹೇಳಿ, ಸಾಕು ಅಂತ ಕೇಳಿದ್ದೀಯ. ಫೋನಿನಲ್ಲಿ ಉತ್ತರ ಬರೆಯಲು ಹೊರಟರೆ ಮುಗಿಯಲೇ ಇಲ್ಲ, ಅದಕ್ಕೇ ಈ ಪತ್ರ.

ಪಕ್ಷಪಾತ ಇಲ್ಲದ ಪುಸ್ತಕ ಹುಡುಕಬೇಡ, ಸಿಗುವುದಿಲ್ಲ. ಈ ಯುದ್ಧದ ಬಗ್ಗೆ ಬರೆದವರೆಲ್ಲ ಎಲ್ಲೋ ಒಂದು ಕಡೆ ನಿಂತೇ ಬರೆದಿದ್ದಾರೆ. ಅದು ತಪ್ಪೇನಲ್ಲ. ನೀನು ನೋಡಬೇಕಾದ್ದು ಬರೆದವರು ಎಲ್ಲಿ ನಿಂತಿದ್ದರು, ಯಾವ ವರ್ಷ ಬರೆದರು, ತಮ್ಮ ಕಡೆಯವರ ಅನ್ಯಾಯದ ವಿಷಯ ಬಂದಾಗ ಅದನ್ನೂ ಬರೆದರೋ ಅಥವಾ ಮೆಲ್ಲಗೆ ಪುಟ ತಿರುಗಿಸಿಬಿಟ್ಟರೋ ಅನ್ನುವುದನ್ನು.

ವರ್ಷ ಯಾಕೆ ಮುಖ್ಯ ಅಂತ ಹೇಳುತ್ತೇನೆ. 1931ರ ಏಪ್ರಿಲ್‌ನಲ್ಲಿ ಸ್ಪೇನಿನಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂತು. 1936ರ ಫೆಬ್ರವರಿ ಚುನಾವಣೆಯಲ್ಲಿ ಎಡಪಕ್ಷಗಳ ಕೂಟ ಗೆದ್ದಿತು. ಅದೇ ಜುಲೈ 17ಕ್ಕೆ ಮೊರಾಕ್ಕೊದಲ್ಲಿದ್ದ ಸ್ಪೇನಿನ ಸೇನಾಧಿಕಾರಿಗಳು ದಂಗೆ ಎದ್ದರು. ದಂಗೆ ಪೂರ್ತಿ ಗೆಲ್ಲಲಿಲ್ಲ, ಪೂರ್ತಿ ಸೋಲಲೂ ಇಲ್ಲ. ಹಾಗಾಗಿ ದೇಶ ಎರಡು ಹೋಳಾಗಿ ಯುದ್ಧವೇ ಶುರುವಾಯಿತು. ದಂಗೆಕೋರರ ನಾಯಕನಾದ ಜನರಲ್ ಫ್ರಾಂಕೋ ಕಡೆಗೆ ಹಿಟ್ಲರ್, ಮುಸೊಲಿನಿ ಬಂದರು. ಗಣರಾಜ್ಯಕ್ಕೆ ಸ್ಟಾಲಿನ್ ಶಸ್ತ್ರ ಕೊಟ್ಟ, ಅದೂ ಸ್ಪೇನಿನ ಚಿನ್ನ ಇಸಿದುಕೊಂಡು. ಬ್ರಿಟನ್, ಫ್ರಾನ್ಸ್ ನಾವು ತಲೆ ಹಾಕುವುದಿಲ್ಲ ಅಂತ ಕೂತವು. 1939ರ ಏಪ್ರಿಲ್ 1ಕ್ಕೆ ಫ್ರಾಂಕೋ ಗೆದ್ದೆ ಅಂತ ಘೋಷಿಸಿದ. ಆಮೇಲೆ 1975ರ ನವೆಂಬರ್ 20ರಂದು ಸಾಯುವ ತನಕ ಅವನದ್ದೇ ಆಳ್ವಿಕೆ. ಅಂದರೆ ಮೂವತ್ತಾರು ವರ್ಷ ಸ್ಪೇನಿನ ಒಳಗೆ ಗೆದ್ದವರ ಕಥೆ ಮಾತ್ರ ಅಚ್ಚಾಗುತ್ತಿತ್ತು. ಸೋತವರ ಕಥೆ ಪ್ಯಾರಿಸ್, ಲಂಡನ್, ಮೆಕ್ಸಿಕೋದಲ್ಲಿ ಅಚ್ಚಾಗಬೇಕಿತ್ತು. ಹಾಗಾಗಿ ಪುಸ್ತಕ ಕೈಗೆ ಬಂದ ತಕ್ಷಣ ಮುನ್ನುಡಿಗಿಂತ ಮೊದಲು ಅಚ್ಚಾದ ವರ್ಷ, ಊರು ನೋಡು.

ಹ್ಯೂ ಥಾಮಸ್ ಬರೆದ ದಪ್ಪ ಇತಿಹಾಸವನ್ನೇ ತೆಗೆದುಕೋ. 1961ರಲ್ಲಿ ಇಂಗ್ಲಿಷಿನಲ್ಲಿ ಬಂತು. ಫ್ರಾಂಕೋ ಸರ್ಕಾರ ನಿಷೇಧ ಹಾಕಿತು. ಪ್ಯಾರಿಸ್‌ನಲ್ಲಿದ್ದ ರುಯೆದೊ ಇಬೇರಿಕೊ ಅನ್ನುವ ಪ್ರಕಾಶಕರು ಸ್ಪ್ಯಾನಿಷ್ ಅನುವಾದ ತಂದರು, ಜನ ಅದನ್ನು ಕದ್ದುಮುಚ್ಚಿ ಗಡಿ ದಾಟಿಸಿ ಓದಿದರು. ಕೊನೆಗೆ ಇಂಥ ಪುಸ್ತಕಗಳಿಗೆ ಉತ್ತರ ಕೊಡುವುದಕ್ಕೆಂದೇ ಸರ್ಕಾರ ವಾರ್ತಾ ಇಲಾಖೆಯಲ್ಲಿ ಒಂದು ವಿಭಾಗವನ್ನೇ ತೆರೆಯಿತು! ಥಾಮಸ್ ಆಮೇಲೆ ಹಲವು ಸಲ ತಿದ್ದಿ ಬೆಳೆಸಿದ್ದಾರೆ. ಹಳೇ ಪ್ರತಿ ಅಗ್ಗಕ್ಕೆ ಸಿಕ್ಕಿತು ಅಂತ 1961ರದ್ದನ್ನು ತರಬೇಡ, 1977ರ ನಂತರದ್ದನ್ನು ತಗೋ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆದರೆ ಅದರಿಂದ ಶುರು ಮಾಡಬೇಡ. ನೂರು ಪುಟಕ್ಕೆ ಸುಸ್ತಾಗಿ ಬಿಟ್ಟುಬಿಡುತ್ತೀಯ, ನಿನ್ನನ್ನು ನಾನು ನೋಡಿಲ್ಲವೇ? ಹೆಲೆನ್ ಗ್ರಹಾಂ ಬರೆದ ಪುಟ್ಟ ಪುಸ್ತಕ ಇದೆ, ಆಕ್ಸ್‌ಫರ್ಡ್‌ನವರ 'ವೆರಿ ಶಾರ್ಟ್ ಇಂಟ್ರೊಡಕ್ಷನ್' ಮಾಲೆಯಲ್ಲಿ 2005ರಲ್ಲಿ ಬಂದದ್ದು. ಒಂದು ಶನಿವಾರ ಭಾನುವಾರದಲ್ಲಿ ಮುಗಿಯುತ್ತದೆ. ಅವರ ಒಲವು ಗಣರಾಜ್ಯದ ಕಡೆ, ಅದನ್ನು ಮುಚ್ಚಿಡುವುದೂ ಇಲ್ಲ. ಕೊನೆಯಲ್ಲಿ ಮುಂದೆ ಏನು ಓದಬಹುದು ಅನ್ನುವ ಪಟ್ಟಿ ಕೊಟ್ಟಿದ್ದಾರೆ. ಅಂತರ್ಜಾಲದಲ್ಲಿ ಸಿಗುವ 'ಟಾಪ್ 10' ಪಟ್ಟಿಗಳಿಗಿಂತ ಇಂಥ ಪುಸ್ತಕದ ಹಿಂದಿನ ಪುಟಗಳು ಎಷ್ಟೋ ವಾಸಿ.

ಈಗ ಜಾರ್ಜ್ ಆರ್ವೆಲ್, ಗಣರಾಜ್ಯದ ಕಡೆ ಸೇರಿ ಕಾದಿದ ಇಂಗ್ಲಿಷ್ ಲೇಖಕ. ಯಾರನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾರೆ ಅಲ್ವಾ? 'ಹೋಮೇಜ್ ಟು ಕ್ಯಾಟಲೋನಿಯಾ' ನನಗೂ ತುಂಬ ಇಷ್ಟ. ಅರಗೋನ್ ಬೆಟ್ಟಗಳ ಚಳಿ, ಹೇನು, ಸೌದೆ ಹುಡುಕುವ ಪಾಡು, ತುಕ್ಕು ಹಿಡಿದ ಬಂದೂಕು, ಇವನ್ನೆಲ್ಲ ಅವನ ಹಾಗೆ ಬರೆದವರು ಕಡಿಮೆ. 1937ರ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಗಣರಾಜ್ಯದ ಕಡೆಯವರೇ ಪರಸ್ಪರ ಗುಂಡು ಹಾರಿಸಿಕೊಂಡರು, ಟೆಲಿಫೋನ್ ಎಕ್ಸ್‌ಚೇಂಜ್ ಯಾರ ಕೈಯಲ್ಲಿರಬೇಕು ಅನ್ನುವ ಜಗಳದಿಂದ ಶುರುವಾಗಿ. ಆ ದಿನಗಳಲ್ಲಿ ಆರ್ವೆಲ್ ಒಂದು ಸಿನಿಮಾ ಮಂದಿರದ ಮಾಳಿಗೆ ಮೇಲೆ ಬಂದೂಕು ಹಿಡಿದು ಕಾವಲು ಕೂತಿದ್ದ, ಕೆಳಗೆ ರಸ್ತೆಯ ಆಚೆ ಕೆಫೆಯಲ್ಲಿ ಎದುರಾಳಿ ಪೊಲೀಸರು, ಇವನು ಹೊತ್ತು ಹೋಗದೆ ಪೆಂಗ್ವಿನ್ ಪುಸ್ತಕಗಳನ್ನು ಒಂದರ ಹಿಂದೊಂದು ಓದುತ್ತಿದ್ದ. ಇಂಥದ್ದನ್ನು ಯಾವ ಇತಿಹಾಸಕಾರನೂ ಕೊಡಲಾರ. ಆದರೆ ಅವನು ಕಂಡದ್ದು ಒಂದು ಮೂಲೆ, ಕೆಲವು ತಿಂಗಳು, ಒಂದು ಸಣ್ಣ ಪಕ್ಷದ ಪಡೆಯ ಒಳಗಿನಿಂದ. ಅದನ್ನು ಅವನೇ ಒಪ್ಪಿಕೊಂಡು, ನನ್ನ ಪಕ್ಷಪಾತದ ಬಗ್ಗೆ ಎಚ್ಚರ ಇರಲಿ ಅಂತ ಓದುಗರಿಗೆ ಹೇಳುತ್ತಾನೆ. ಜನ ಆ ಸಾಲನ್ನು ಮರೆತು, ಇಡೀ ಸ್ಪೇನಿನ ಯುದ್ಧ ಎಂದರೆ ಆ ಮೇ ತಿಂಗಳ ಜಗಳ ಅಂದುಕೊಂಡುಬಿಡುತ್ತಾರೆ. ಹಾಗಾಗಿ ಗ್ರಹಾಂ ಆದಮೇಲೆ ಆರ್ವೆಲ್. ಇನ್ನೊಂದು ವಿಷಯ, ಪ್ರತಿಯಿಂದ ಪ್ರತಿಗೆ ಅಧ್ಯಾಯಗಳ ಜೋಡಣೆ ಬೇರೆ ಇರುತ್ತದೆ. ರಾಜಕೀಯದ ಎರಡು ಅಧ್ಯಾಯಗಳನ್ನು ಕೊನೆಗೆ ಹಾಕಬೇಕು ಅಂತ ಅವನ ಆಸೆಯಿತ್ತು, 1986ರ ನಂತರದ ಹಲವು ಪ್ರತಿಗಳಲ್ಲಿ ಹಾಗೇ ಮಾಡಿದ್ದಾರೆ. ಅವನು ಸತ್ತದ್ದು 1950ರಲ್ಲಿ, ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ಅರವತ್ತು ವರ್ಷ ಕಳೆದು ಎಷ್ಟೋ ಕಾಲವಾಯಿತು. ದುಡ್ಡು ಕೊಡದೆ ಓದಬಹುದು.

ತನ್ನ ಕಡೆಯವರ ಬಗ್ಗೆಯೇ ಕಹಿ ಸತ್ಯ ಬರೆದ ಇನ್ನೊಬ್ಬ ಫ್ರಾನ್ಸಿನ ಜಾರ್ಜ್ ಬರ್ನಾನೋಸ್. ಕಟ್ಟಾ ಕ್ಯಾಥೊಲಿಕ್, ರಾಜಪ್ರಭುತ್ವ ಬೇಕು ಅನ್ನುವವನು. ದಂಗೆ ಎದ್ದಾಗ ಮಯೋರ್ಕಾ ದ್ವೀಪದಲ್ಲಿದ್ದ, ಮೊದಲಿಗೆ ಖುಷಿಪಟ್ಟ. ಆಮೇಲೆ ಅಲ್ಲಿ ಫ್ರಾಂಕೋ ಕಡೆಯವರು ಊರ ಜನರನ್ನು ಕೊಲ್ಲುವುದನ್ನೂ ಪಾದ್ರಿಗಳು ಅದಕ್ಕೆ ಸುಮ್ಮನಿರುವುದನ್ನೂ ಕಂಡು 1938ರಲ್ಲಿ ಪುಸ್ತಕ ಬರೆದ. ಆರ್ವೆಲ್ ಪಕ್ಕದಲ್ಲಿ ಅದನ್ನೂ ಇಟ್ಟುಕೊಂಡು ಓದು.

ದೊಡ್ಡ ಇತಿಹಾಸ ಪುಸ್ತಕ ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ಮಾಡಬಹುದಾದ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ಹಿಂದಿನ ಇಂಡೆಕ್ಸ್ ತೆಗೆದು ಎರಡು ಊರು ಹುಡುಕು. ಒಂದು ಬಾಡಾಹೋಸ್: 1936ರ ಆಗಸ್ಟ್‌ನಲ್ಲಿ ಫ್ರಾಂಕೋ ಪಡೆ ಊರು ಹಿಡಿದ ಮೇಲೆ ಸಾಮೂಹಿಕ ಹತ್ಯೆ ನಡೆಸಿದ ಜಾಗ. ಇನ್ನೊಂದು ಪಾರಾಕುಯೆಯೋಸ್: ಅದೇ ವರ್ಷ ನವೆಂಬರ್, ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್ ಜೈಲುಗಳಿಂದ ಕೈದಿಗಳನ್ನು ಒಯ್ದು ಗಣರಾಜ್ಯದ ಕಡೆಯವರು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಜಾಗ. ಎರಡೂ ಇದ್ದರೆ ಆ ಪುಟಗಳನ್ನು ಓದು. ಒಂದಕ್ಕೆ ಹತ್ತು ಪುಟ, ಇನ್ನೊಂದಕ್ಕೆ ಅರ್ಧ ಸಾಲು ಇದ್ದರೆ ಬರೆದವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಯಿತಲ್ಲ. ಪಾಲ್ ಪ್ರೆಸ್ಟನ್ ಗಣರಾಜ್ಯದ ಪರ ಅಂತ ಎಲ್ಲರಿಗೂ ಗೊತ್ತು, ಆದರೂ 'ದ ಸ್ಪ್ಯಾನಿಷ್ ಹೋಲೊಕಾಸ್ಟ್' ಅನ್ನುವ ಪುಸ್ತಕದಲ್ಲಿ ಎರಡನ್ನೂ ವಿವರವಾಗಿ ಬರೆದಿದ್ದಾರೆ. ರಣರಂಗದಿಂದ ದೂರ, ಹಿಂದಿನ ಊರುಗಳಲ್ಲಿ ಕೊಲ್ಲಲ್ಪಟ್ಟವರು ಸುಮಾರು 2 ಲಕ್ಷ, ಅದರಲ್ಲಿ ಗಣರಾಜ್ಯದ ವಲಯದಲ್ಲಿ ಸತ್ತವರು 50 ಸಾವಿರದ ಹತ್ತಿರ ಅನ್ನುವುದು ಅವರ ಲೆಕ್ಕ. ಬಲು ಭಾರವಾದ ಪುಸ್ತಕ, ರಾತ್ರಿ ಮಲಗುವ ಮುಂಚೆ ಓದುವಂಥದ್ದಲ್ಲ. ಯುದ್ಧತಂತ್ರ, ಸೇನೆಗಳ ಚಲನೆ ಬೇಕಿದ್ದರೆ ಆಂಟನಿ ಬೀವರ್. ಗಣರಾಜ್ಯವನ್ನು ಹೆಚ್ಚು ಟೀಕಿಸುವ ಕಡೆಯಿಂದ ಒಬ್ಬರನ್ನು ಓದಬೇಕಲ್ಲ, ಅದಕ್ಕೆ ಸ್ಟ್ಯಾನ್ಲಿ ಪೇಯ್ನ್. ಯುದ್ಧ ಬಂದದ್ದೇ ಯಾಕೆ, ಜಮೀನು, ಚರ್ಚು, ಅರಾಜಕತಾವಾದಿಗಳು ಏನು ಎತ್ತ ಅಂತ ಕುತೂಹಲ ಹುಟ್ಟಿದರೆ ಜೆರಾಲ್ಡ್ ಬ್ರೆನನ್, 1943ರ ಪುಸ್ತಕ. ಹಳೆಯದಾದರೂ ಬರವಣಿಗೆ ಸೊಗಸು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ರೊನಾಲ್ಡ್ ಫ್ರೇಸರ್ ಅವರ 'ಬ್ಲಡ್ ಆಫ್ ಸ್ಪೇನ್'. 1973ರಿಂದ 75ರ ತನಕ, ಫ್ರಾಂಕೋ ಇನ್ನೂ ಬದುಕಿದ್ದಾಗಲೇ, ಎರಡೂ ಕಡೆಯ ಮುನ್ನೂರಕ್ಕೂ ಹೆಚ್ಚು ಜನರನ್ನು ಕೂರಿಸಿಕೊಂಡು ಮಾತಾಡಿಸಿ, ಟೇಪ್ ಮಾಡಿಕೊಂಡು, 1979ರಲ್ಲಿ ಪುಸ್ತಕ ತಂದರು. ರೈತ, ಗಣಿ ಕೆಲಸದವ, ಫ್ರಾಂಕೋ ಕಡೆಗಿದ್ದ ಫಲಾಂಗೆ ಪಕ್ಷದವ ಎಲ್ಲರೂ ಮಾತಾಡುತ್ತಾರೆ. ಅದಕ್ಕೂ ಮುಂಚೆ ಅವರದ್ದೇ ಇನ್ನೊಂದು ಸಣ್ಣ ಪುಸ್ತಕ ಇದೆ. ಗಣರಾಜ್ಯದ ಕಾಲದಲ್ಲಿ ಮಿಹಾಸ್ ಅನ್ನುವ ಊರಿನ ಮೇಯರ್ ಆಗಿದ್ದ ಮನ್ವೆಲ್ ಕೊರ್ತೆಸ್ 1939ರಲ್ಲಿ, ಗೆದ್ದವರಿಗೆ ಹೆದರಿ, ಮನೆಗೆ ಬಂದು ಅಡಗಿ ಕೂತವನು, ಹೊರಗೆ ಬಂದದ್ದು 1969ರಲ್ಲಿ! ಮೊದಮೊದಲು ಗೋಡೆಯೊಳಗಿನ ಇಕ್ಕಟ್ಟು ಜಾಗದಲ್ಲಿ. ಹೆಂಡತಿ ಮೊಟ್ಟೆ ಮಾರಿ ಸಂಸಾರ ತೂಗಿಸಿದಳು, ಊರಿಗೆ ಗುಟ್ಟು ಬಿಟ್ಟುಕೊಡಲಿಲ್ಲ. ಗಂಡ, ಹೆಂಡತಿ, ಮಗಳು ಮೂವರೂ ಹೇಳಿದ ಕಥೆ ಅದು. ಯುದ್ಧ ಮುಗಿದಮೇಲೆ ಏನಾಯಿತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯದು ನಾನು ಓದಿಲ್ಲ.

ಡಾಕ್ಯುಮೆಂಟರಿಗೆ ಬರುತ್ತೇನೆ. ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ 1983ರಲ್ಲಿ ಮಾಡಿದ ಆರು ಕಂತಿನ 'ದ ಸ್ಪ್ಯಾನಿಷ್ ಸಿವಿಲ್ ವಾರ್' ನೋಡು, ಫ್ರ್ಯಾಂಕ್ ಫಿನ್ಲೆ ನಿರೂಪಣೆ. ಫ್ರಾಂಕೋ ಸತ್ತು ಜನಕ್ಕೆ ಬಾಯಿ ಬಂದಿತ್ತು, ಯುದ್ಧ ಕಂಡವರು ಇನ್ನೂ ಬದುಕಿದ್ದರು. ಅಂಥ ಕಾಲ ಆಮೇಲೆ ಬರಲಿಲ್ಲ. ಯೂಟ್ಯೂಬಿನಲ್ಲಿ ಯಾರ್ಯಾರೋ ಹಾಕಿರುತ್ತಾರೆ, ಆರೂ ಕಂತು ಇದೆಯಾ ಅಂತ ಎಣಿಸಿಕೊಂಡು ಕೂರು.

ಯೋರಿಸ್ ಈವೆನ್ಸ್ 1937ರಲ್ಲಿ ತೆಗೆದ 'ದ ಸ್ಪ್ಯಾನಿಷ್ ಅರ್ಥ್' ಬೇರೆ ಜಾತಿಯದು. ಹೆಮಿಂಗ್ವೇ ಬರೆದು ಅವನೇ ಓದಿದ ನಿರೂಪಣೆ. ಮ್ಯಾಡ್ರಿಡ್‌ಗೆ ಊಟ ಒದಗಿಸಲು ಫುಯೆಂತಿದುಯೆನ್ಯಾ ಹಳ್ಳಿಯವರು ಹೊಲಕ್ಕೆ ನೀರು ಹಾಯಿಸುವ ಕೆಲಸ ಒಂದು ಕಡೆ, ನಗರದ ಮೇಲೆ ಬೀಳುವ ಶೆಲ್ಲುಗಳು ಇನ್ನೊಂದು ಕಡೆ. ಚಂದವಾಗಿದೆ, ಮನಸ್ಸು ಕಲಕುತ್ತದೆ. ಆದರೆ ಅದು ಗಣರಾಜ್ಯಕ್ಕೆ ಬೆಂಬಲ, ದುಡ್ಡು ಕೂಡಿಸಲು ಮಾಡಿದ ಪ್ರಚಾರ ಚಿತ್ರ. ಅದೇ ತಂಡದಲ್ಲಿದ್ದ ಅಮೆರಿಕನ್ ಲೇಖಕ ಡಾಸ್ ಪಾಸೋಸ್, ತನ್ನ ಗೆಳೆಯ ಹೊಸೆ ರೊಬ್ಲೆಸ್ ಗಣರಾಜ್ಯದ ವಲಯದಲ್ಲೇ ಕಾಣೆಯಾಗಿ ಕೊಲೆಯಾದ ಅಂತ ಗೊತ್ತಾಗಿ ಹೆಮಿಂಗ್ವೇ ಜೊತೆ ಜಗಳವಾಡಿ ಹೊರಟುಬಿಟ್ಟ. ಸಿನಿಮಾದಲ್ಲಿ ಅದರ ಸುಳಿವೇ ಇಲ್ಲ. ಫ್ರಾಂಕೋ ಕಡೆಯವರ ಚಿತ್ರಗಳೂ ಇದೇ ಕಥೆ, ಇನ್ನೂ ಜಾಸ್ತಿ. ಹಾಗಂತ ನೋಡದೇ ಇರಬೇಡ. ಆ ಹಳ್ಳಿಯವರ ಮುಖಗಳು ನಿಜ.

ಈಗಿನ ಸ್ಪೇನ್ ಬೇಕೆಂದರೆ 2018ರ 'ದ ಸೈಲೆನ್ಸ್ ಆಫ್ ಅದರ್ಸ್'. ಅಸೆನ್ಸಿಯೋನ್ ಮೆಂದಿಯೆತಾ ಅನ್ನುವ ಮುದುಕಿ ಅದರಲ್ಲಿದ್ದಾರೆ. ಯುದ್ಧ ಮುಗಿದಮೇಲೆ, 1939ರಲ್ಲಿ, ಅವರ ಅಪ್ಪನನ್ನು ಗುಂಡಿಟ್ಟು ಕೊಂದು ಸಾಮೂಹಿಕ ಗುಂಡಿಗೆ ಹಾಕಿದ್ದರು. ಸ್ಪೇನಿನಲ್ಲಿ ಆ ಕಾಲದ ಅಪರಾಧಗಳ ವಿಚಾರಣೆಗೆ 1977ರ ಕ್ಷಮಾದಾನ ಕಾನೂನು ಅಡ್ಡ ಬಂತು ಅಂತ ಈಕೆ, ಎಂಬತ್ತೆಂಟರ ವಯಸ್ಸಿನಲ್ಲಿ, ಅರ್ಜೆಂಟೀನಾದ ಕೋರ್ಟಿಗೆ ಹೋದರು. 2017ರಲ್ಲಿ ಅಪ್ಪನ ಮೂಳೆ ಸಿಕ್ಕಿ ಮಣ್ಣು ಮಾಡಿದರು. ನಿನ್ನ ಅಮ್ಮನ ಜೊತೆ ಕೂತು ನೋಡು, ಅವಳಿಗೂ ಹಿಡಿಸುತ್ತದೆ.

ಥಾಮಸ್ ಪುಸ್ತಕದ ಹಳೇ ಪ್ರತಿ ಬೇಡ ಅಂದೆನಲ್ಲ, ಈಗ ಆ ವಿಷಯ. 1936ರ ಅಕ್ಟೋಬರ್ 12ರಂದು ಸಾಲಮಾಂಕಾ ವಿಶ್ವವಿದ್ಯಾಲಯದ ಸಭೆಯಲ್ಲಿ ಅದರ ಮುಖ್ಯಸ್ಥ, ಲೇಖಕ ಉನಾಮುನೋ, ಫ್ರಾಂಕೋ ಕಡೆಯ ಜನರಲ್ ಮಿಯಾನ್ ಅಸ್ತ್ರಾಯ್ ಎದುರೇ ಎದ್ದು ನಿಂತು ಗುಡುಗಿದ, ನೀವು ಗೆಲ್ಲಬಹುದು ಆದರೆ ಮನ ಒಲಿಸಲಾರಿರಿ ಅಂದ, ಅಂತ ಒಂದು ಉದ್ದ ಭಾಷಣ ನಿನಗೆ ಎಲ್ಲ ಕಡೆ ಸಿಗುತ್ತದೆ. ಮೈ ಜುಮ್ಮೆನ್ನುತ್ತದೆ. ಅಂದು ಅವನು ಎದುರು ಮಾತಾಡಿದ್ದು ನಿಜ, ಕೆಲಸ ಹೋದದ್ದು ನಿಜ, ಅದೇ ಡಿಸೆಂಬರ್ 31ಕ್ಕೆ ಸತ್ತದ್ದೂ ನಿಜ. ಸಭೆಯಲ್ಲಿ ಕೂತಾಗ ಒಂದು ಕಾಗದದ ಹಿಂದೆ ಗೀಚಿಕೊಂಡ ಟಿಪ್ಪಣಿ ಕೂಡ ಉಳಿದಿದೆ, ಗೆಲ್ಲುವುದು, ಒಲಿಸುವುದು ಅನ್ನುವ ಎರಡು ಮಾತು ಅದರಲ್ಲಿವೆ. ಆದರೆ ಆ ಪೂರ್ತಿ ಭಾಷಣ? ಅದನ್ನು ಬರೆದದ್ದು ಲೂಯಿಸ್ ಪೊರ್ತಿಯೋ, 1941ರಲ್ಲಿ, ಲಂಡನ್ನಿನ ಒಂದು ಸಾಹಿತ್ಯ ಪತ್ರಿಕೆಗೆ. ಅವನು ಆ ಸಭೆಯಲ್ಲಿ ಇರಲೇ ಇಲ್ಲ! ಹೀಗೆ ಆಗಿರಬಹುದು ಅಂತ ಕಥೆಯ ಹಾಗೆ ಬರೆದದ್ದು. ಥಾಮಸ್ ಅದನ್ನೇ ತನ್ನ ಪುಸ್ತಕಕ್ಕೆ ಎತ್ತಿಕೊಂಡರು. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. 2018ರಲ್ಲಿ ಅದೇ ಸಾಲಮಾಂಕಾದ ಲೈಬ್ರೇರಿಯನ್ ಸೆವೆರಿಯಾನೊ ದೆಲ್ಗಾದೊ ಇದರ ಜಾಡು ಹಿಡಿದು ತೋರಿಸಿದರು. ಹಾಗಾಗಿ ನಿನಗೆ ಯಾವುದಾದರೂ ಮಾತು ತೀರಾ ಚೆನ್ನಾಗಿದೆ ಅನ್ನಿಸಿದರೆ ಅಡಿಟಿಪ್ಪಣಿಗೆ ಹೋಗು, ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ ಹೋಗು. ಪುಸ್ತಕಗಳ ಹೊಸ ಪ್ರತಿ ತಗೋ ಅಂದದ್ದೂ ಇದಕ್ಕೇ, ತಿದ್ದುವ ಕೆಲಸ ನಿಂತಿಲ್ಲ.

ಉಲ್ಟಾ ಉದಾಹರಣೆಯೂ ಇದೆ. 1937ರ ಏಪ್ರಿಲ್ 26ಕ್ಕೆ ಜರ್ಮನ್, ಇಟಾಲಿಯನ್ ವಿಮಾನಗಳು ಉತ್ತರ ಸ್ಪೇನಿನ ಬಾಸ್ಕ್ ಜನರ ಗೆರ್ನಿಕಾ ಪಟ್ಟಣ ಸುಟ್ಟವು. ಬಾಸ್ಕರೇ ತಮ್ಮ ಊರಿಗೆ ಬೆಂಕಿ ಇಟ್ಟುಕೊಂಡರು ಅಂತ ಫ್ರಾಂಕೋ ಕಡೆಯವರು ಹೇಳಿದರು. ಅಂದು ರಾತ್ರಿಯೇ ಅಲ್ಲಿಗೆ ಹೋದ ವರದಿಗಾರ ಜಾರ್ಜ್ ಸ್ಟಿಯರ್ ಜರ್ಮನ್ ಹದ್ದಿನ ಮುದ್ರೆ ಇದ್ದ ಬಾಂಬುಗಳನ್ನು ಕಣ್ಣಾರೆ ಕಂಡು 'ದ ಟೈಮ್ಸ್' ಪತ್ರಿಕೆಗೆ ಬರೆದ. ಆ ಸುಳ್ಳು ಹೇಗೆ ಹುಟ್ಟಿತು, ಯಾರು ಸಾಕಿದರು ಅನ್ನುವುದಕ್ಕೇ ಹರ್ಬರ್ಟ್ ಸೌತ್‌ವರ್ತ್ ಒಂದು ಇಡೀ ಪುಸ್ತಕ ಬರೆದಿದ್ದಾರೆ.

ಈ ಯುದ್ಧದಲ್ಲಿ ನಮ್ಮ ದೇಶದವರ ಸಂಬಂಧ ಇತ್ತಾ ಅಂತಲೂ ನೀನು ಕೇಳಿದ್ದೀಯ. ಇತ್ತು. ನೆಹರೂ 1938ರ ಜೂನ್‌ನಲ್ಲಿ ಕೃಷ್ಣ ಮೆನನ್ ಜೊತೆ ಬಾರ್ಸಿಲೋನಾಗೆ ಹೋಗಿ ಬಂದರು, ಬಾಂಬು ಬೀಳುತ್ತಿದ್ದ ದಿನಗಳಲ್ಲಿ. ನಾಗಪುರದ ಗೋಪಾಲ ಮುಕುಂದ ಹುದ್ದಾರ್ ಜಾನ್ ಸ್ಮಿತ್ ಅನ್ನುವ ಹೆಸರಿನಲ್ಲಿ ಗಣರಾಜ್ಯದ ಪರ ಕಾದಲು ಹೊರದೇಶದವರು ಸೇರಿದ್ದ ಅಂತರರಾಷ್ಟ್ರೀಯ ಪಡೆ ಸೇರಿ, ಗಾಂದೇಸಾ ಹತ್ತಿರ ಸೆರೆಸಿಕ್ಕು, ಫ್ರಾಂಕೋ ಜೈಲಿನಲ್ಲಿದ್ದು ಬಂದರು. ನೆಹರೂ ಆಯ್ದ ಬರಹಗಳ ಸಂಪುಟಗಳು ಅಂತರ್ಜಾಲದಲ್ಲೇ ಇವೆ, 1938ರದ್ದು ತೆಗೆದು ನೋಡು.

ಗ್ರಹಾಂ ಪುಸ್ತಕ ನೀನೇ ಕೊಂಡುಕೋ, ಜಾಸ್ತಿ ಬೆಲೆಯಿಲ್ಲ. ದಪ್ಪನೆಯವನ್ನು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕು, ಇಂಡೆಕ್ಸ್ ನೋಡದೆ ದುಡ್ಡು ಬಿಚ್ಚಬೇಡ. ಥಾಮಸ್ ನನ್ನ ಹತ್ತಿರ ಇದೆ, ದಸರಾಕ್ಕೆ ಬಂದಾಗ ತಗೊಂಡು ಹೋಗು. ಬೈಂಡಿಂಗ್ ಸಡಿಲ ಆಗಿದೆ, ಮಲಗಿಕೊಂಡು ಓದಬೇಡ. ಫ್ರೇಸರ್ ಮಾತ್ರ ಕೊಡುವುದಿಲ್ಲ. ಬೇಕಿದ್ದರೆ ಇಲ್ಲೇ ಕೂತು ಓದು.

ಇಂತಿ,
ನಿನ್ನ ದೊಡ್ಡಮ್ಮ