ಆಗುತ್ತೆ ಅಜ್ಜಿ ಅಂದೆಯಲ್ಲ

ಮುಳಬಾಗಿಲು
ಭಾನುವಾರ

ಪುಟ್ಟಾ,

ಚುನಾವಣಾ ಪ್ರಚಾರದ ಗಾಡಿಯಿಂದ ನೀನು ಬರೆದ ಕಾಗದ ಬಂತು. ದಿನಕ್ಕೆ 14 ಊರು, ಊರಿಗೆ 20 ನಿಮಿಷ, ಕ್ರೇನಿಗೆ ಕಟ್ಟಿದ ಸೇಬಿನ ಹಾರ, ಅದು ನಿಮ್ಮ ನಾಯಕರ ಕೊರಳು ಮುಟ್ಟುವ ಮೊದಲೇ ಹುಡುಗರು ಹಣ್ಣು ಕಿತ್ತುಕೊಂಡಿದ್ದು, ಎಲ್ಲ ಓದಿ ನಕ್ಕೆ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅದು ಎರಡು ರಾತ್ರಿ ಮಲಗಲು ಬಿಡಲಿಲ್ಲ. ಪೆನ್ಶನ್ ನಿಂತುಹೋದ ಅಜ್ಜಿ ನಿನ್ನ ಕೈ ಹಿಡಿದುಕೊಂಡಳು. ನೀನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು 'ಆಗುತ್ತೆ ಅಜ್ಜಿ' ಅಂದೆ. ಗಾಡಿ ಹೊರಟಿತು. ಆಗದಿದ್ದರೆ ಏನು ಮಾಡೋದು ದೊಡ್ಡಮ್ಮ ಅಂತ ಕೇಳಿದ್ದೀಯ.

ನಾನೂ ಹಾಗೆ ಅಂದವಳೇ ಕಣೋ.

1987ರಲ್ಲಿ ಹೆಂಗಸರಿಗೆ ನಾಲ್ಕರಲ್ಲೊಂದು ಸೀಟು ಅಂತ ಮಂಡಲ ಪಂಚಾಯಿತಿಗೆ ನನ್ನನ್ನು ನಿಲ್ಲಿಸಿದ ಕಥೆ ನಿಮಗೆಲ್ಲ ಬಾಯಿಪಾಠ. ಅದು ಬೇಡ. ಇದು ಯಾರಿಗೂ ಹೇಳಿಲ್ಲ. 1989ರ ನವೆಂಬರಿನಲ್ಲಿ ವಿಧಾನಸಭೆ, ಲೋಕಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ಬಂತು. ಒಬ್ಬ ಹೆಂಗಸಾದರೂ ಇರಲಿ ಅಂತ ನನ್ನನ್ನು ಜೀಪಿನಲ್ಲಿ ಕೂರಿಸಿದರು. ನಂಗಲಿ ಕಡೆ, ತೆಲುಗು ಮಾತಾಡುವ ಊರು, ಮೂವತ್ತು ಮನೆ ಇರಬೇಕು. ಬಿಸಿಲಿಗೆ ನಾಲಿಗೆ ಒಣಗಿತ್ತು. ಒಬ್ಬಳು ಒಳಗಿನಿಂದ ಹಿತ್ತಾಳೆ ಚೆಂಬಿನಲ್ಲಿ ನೀರು ತಂದಳು. ಜೀಪಿನಲ್ಲಿದ್ದ ಏಳು ಜನವೂ ಕುಡಿದೆವು. ಚೆಂಬು ಮತ್ತೆ ಮತ್ತೆ ತುಂಬಿ ಬಂತು. ಆ ನೀರು ಎರಡು ಮೈಲಿ ಹೊತ್ತು ತಂದದ್ದು ಅಂತ ಗೊತ್ತಾಗುವ ಹೊತ್ತಿಗೆ ಕುಡಿದು ಮುಗಿದಿತ್ತು. ಅವಳ ಮಗುವಿನ ಹಲ್ಲು ಕಂದು ಬಣ್ಣ. ನೀರಿನಲ್ಲಿರುವ ಫ್ಲೋರೈಡಿನಿಂದ ಹಾಗಾಗುತ್ತೆ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ.

ಬೋರ್‌ವೆಲ್ ಕೇಳಿದಳು. 'ಆಗುತ್ತಮ್ಮಾ, ಯುಗಾದಿ ಒಳಗೆ ನಾನೇ ಬಂದು ಹೇಳ್ತೀನಿ' ಅಂದೆ. ಯಾರೂ ಹೇಳು ಅಂದಿರಲಿಲ್ಲ. ಬಾಯಿಗೆ ಬಂತು, ಅಂದೆ. ಜೀಪು ಹೊರಟಾಗ ಅವಳು ಪಕ್ಕದಲ್ಲೇ ಓಡಿ ಬಂದು 'ಮಳ್ಳೀ ವಸ್ತಾವಾಮ್ಮಾ' ಅಂತ ಕೇಳಿದಳು. ಮತ್ತೆ ಬರ್ತೀಯಾ ಅಂತ. ತಲೆ ಆಡಿಸಿದೆ.

ಬೋರ್‌ವೆಲ್ ಕೊರೆಯುವ ರಿಗ್ ಲಾರಿ ಬಂತು, ಬೇರೆ ಊರಿಗೆ. ಅಲ್ಲಿ ಓಟು ಜಾಸ್ತಿ. ಅದನ್ನು ತಿರುಗಿಸಿದವರು ನಮ್ಮ ಕಡೆಯವರೇ. ನಾನು ಸಭೆಯಲ್ಲಿ ಒಂದು ಮಾತೂ ಆಡಲಿಲ್ಲ. ಹೋಗಲಿ, ಬೋರ್‌ವೆಲ್ ನನ್ನ ಕೈಲಿರಲಿಲ್ಲ ಅನ್ನು. ಆದರೆ ಹೋಗಿ 'ಆಗಲಿಲ್ಲ ಕಣಮ್ಮ' ಅನ್ನುವುದಕ್ಕೆ ಏನಾಗಿತ್ತು ನನಗೆ? ಬಸ್ ಚಾರ್ಜು ಎರಡು ರೂಪಾಯಿಯೋ ಮೂರೋ. ಯುಗಾದಿ ಬಂತು, ಹೋಯಿತು. ಆ ಕಡೆ ಮದುವೆಗೆ ಕರೆದಾಗಲೆಲ್ಲ ಮೊಣಕಾಲು ನೋವು ಅಂತೀನಲ್ಲ, ನಿಮ್ಮಪ್ಪ ರೇಗಿಸುತ್ತಾನಲ್ಲ, ಅದು ಪೂರ್ತಿ ಮೊಣಕಾಲಿಂದಲ್ಲ.

ನೀವೂ ಕುರುಡುಮಲೆ ಗಣಪನಿಗೆ ಪೂಜೆ ಮಾಡಿಸಿಯೇ ಹೊರಟಿರಂತೆ. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆಗೆ ಅಲ್ಲಿಂದ ಹೊರಟರು, ಮುಖ್ಯಮಂತ್ರಿಯಾದರು. ಆಮೇಲೆ ಎಲ್ಲ ಪಕ್ಷದವರಿಗೂ ಆ ಗಣಪನೇ ಬೇಕು. 2022ರಲ್ಲಿ ಕುಮಾರಸ್ವಾಮಿಯವರ ಪಂಚರತ್ನ ಯಾತ್ರೆಯೂ ಅಲ್ಲಿಂದಲೇ. ಹೊರಡುವಾಗ ಎಲ್ಲರೂ ಅವನ ಮುಂದೆ ನಿಲ್ಲುತ್ತಾರೆ. ಮುಗಿದ ಮೇಲೆ ಬಂದು ಏನಾಯಿತು ಅಂತ ಹೇಳಿದವರು ಎಷ್ಟು ಜನವೋ.

ನಮ್ಮ ಕೋಲಾರ ಜಿಲ್ಲೆಯಲ್ಲಿ ನೀರಿನ ಮಾತಿಗೆ ಬರವಿಲ್ಲ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ, ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ ಅಡಿಗಲ್ಲು ಹಾಕಿದರು. 2018ರಲ್ಲಿ ಕೆ.ಸಿ. ವ್ಯಾಲಿ ಅನ್ನೋ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಇನ್ನೊಂದು ಸಲ ಶುದ್ಧ ಮಾಡಿ ಕೊಡಿ ಅಂತ ನಮ್ಮವರು ಆಮೇಲೂ ಕೇಳುತ್ತಲೇ ಇದ್ದರು. ಕೆರೆ ತುಂಬಿದ ಸುದ್ದಿ ಓದಿದಾಗ ನನಗೆ ಆ ಹಿತ್ತಾಳೆ ಚೆಂಬೇ ನೆನಪಾಯಿತು. ಅವಳು ಇದ್ದಾಳೋ ಇಲ್ಲವೋ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳಿದ್ದೀಯ. 'ಆಗುತ್ತೆ' ಅನ್ನಬೇಡ, 'ಬರ್ಕೊಂಡಿದೀನಿ, ತಲುಪಿಸ್ತೀನಿ' ಅನ್ನು. ಅಷ್ಟು ನಿನ್ನ ಕೈಲಿದೆ. ಅರ್ಜಿಗಳನ್ನು ಗಾಡಿಯಲ್ಲಿ ಗೋಣಿಚೀಲಕ್ಕೆ ತುಂಬುತ್ತಾರೆ ಅಂದೆಯಲ್ಲ, ಅದಕ್ಕೆ ಮೊದಲು ಫೋಟೋ ತೆಗೆದಿಟ್ಟುಕೋ. ಇನ್ನೊಂದು, ಅಜ್ಜಿ ಪೆನ್ಶನ್ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಆಗಿದ್ದರೆ ಅದಕ್ಕೆ ನಿಮ್ಮ ನಾಯಕರು ಗೆಲ್ಲುವವರೆಗೆ ಕಾಯಬೇಕಿಲ್ಲ. ಎಷ್ಟೋ ಸಲ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿರುವುದಿಲ್ಲ, ಅಷ್ಟೇ. ಯಾರಾದರೂ ಜೊತೆಗೆ ಹೋಗಿ ನಾಡಕಚೇರಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಆ 'ಯಾರಾದರೂ' ಸಿಗುವುದೇ ಕಷ್ಟ, ಅಲ್ವಾ.

ಟೋಪಿ ಹಾಕಿಕೋ, ಮಜ್ಜಿಗೆ ಕುಡಿ. ಆರತಿ ತಟ್ಟೆಗೆ ನೀನು ದುಡ್ಡು ಹಾಕಬೇಡ, ಚುನಾವಣಾ ನೀತಿ ಸಂಹಿತೆ ಬಂದ ಮೇಲೆ ಅದಕ್ಕೂ ಕೇಸು ಹಾಕುತ್ತಾರೆ.

ಒಂದು ಕೇಳಬೇಕಿತ್ತು. ಇಷ್ಟೆಲ್ಲ ಬರೆದಿದ್ದೀಯ, ಆ ಅಜ್ಜಿ ಊರು ಯಾವುದು ಅಂತ ಬರೆದೇ ಇಲ್ಲ. ನೋಟ್‌ಬುಕ್ಕಿನಲ್ಲಿ ಇದೆಯಾ ನೋಡು. ಶ್ರೀನಿವಾಸಪುರದ ಕಡೆಯಾದರೆ ಎಣಿಕೆ ಮುಗಿದ ಮೇಲೆ ಒಂದು ದಿನ ಹೋಗೋಣ, ನಿಮ್ಮವರು ಗೆದ್ದರೂ ಸರಿ, ಸೋತರೂ ಸರಿ. ನಾನೂ ಬರುತ್ತೇನೆ. ನಂಗಲಿ ಕಡೆಯಾದರೂ ಬರುತ್ತೇನೆ. ಮೊಣಕಾಲು ಈಗ ಅಷ್ಟೇನೂ ನೋಯುತ್ತಿಲ್ಲ.

ನಿನ್ನ
ದೊಡ್ಡಮ್ಮ