ಕ್ಯಾರವಾನ್ ಬರಲಿ, ಅದರ ಕೊಳಚೆ ಎಲ್ಲಿಗೆ?

ಸಂಪಾದಕರೇ,

ಕ್ಯಾರವಾನ್ ಪ್ರವಾಸದ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಕೇರಳ 2021ರಲ್ಲೇ ಇದಕ್ಕೊಂದು ನೀತಿ ಮಾಡಿತು. ಬೆಂಗಳೂರಿನಲ್ಲೂ ಇಂಥ ಗಾಡಿಗಳು ಬಾಡಿಗೆಗೆ ಸಿಗುತ್ತಿವೆ. ಜಾಹೀರಾತಿನಲ್ಲಿ ಹಾಸಿಗೆ, ಅಡುಗೆಮನೆ, ಟಿವಿ ಎಲ್ಲ ಚೆನ್ನಾಗಿ ತೋರಿಸುತ್ತಾರೆ. ಆದರೆ ಗಾಡಿಯೊಳಗಿನ ಶೌಚಾಲಯದ ಟ್ಯಾಂಕ್ ತುಂಬಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಕೇಳುತ್ತಿರುವುದು ಅದನ್ನೇ.

ಕಳೆದ ಬೇಸಿಗೆಯಲ್ಲಿ ನಾನೂ ಯಜಮಾನರೂ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿಂದ ಅಳಿಯ ಪಿಕಪ್ ಗಾಡಿಯ ಹಿಂದೆ ಟ್ರೇಲರ್, ಅಂದರೆ ಎಳೆದುಕೊಂಡು ಹೋಗುವ ಕ್ಯಾರವಾನ್ ಕಟ್ಟಿ, ಮೊಮ್ಮಕ್ಕಳ ಸಮೇತ ನಮ್ಮನ್ನೆಲ್ಲ ಯೆಲ್ಲೋಸ್ಟೋನ್‌ಗೆ ಕರೆದುಕೊಂಡು ಹೋದರು. 1872ರಲ್ಲೇ ರಾಷ್ಟ್ರೀಯ ಉದ್ಯಾನವಾದ ಜಾಗ ಅದು. ಉಳಿದುಕೊಂಡದ್ದು ಮ್ಯಾಡಿಸನ್ ಅನ್ನುವ ಕ್ಯಾಂಪ್ ಮೈದಾನದಲ್ಲಿ. ಸುತ್ತ ಪೈನ್ ಮರಗಳು, ಪಕ್ಕದಲ್ಲೇ ಹೊಳೆ.

ಟ್ರೇಲರ್ ಹಿಂದಕ್ಕೆ ತಗೊಳ್ಳುವುದು ಸುಲಭದ ಕೆಲಸ ಅಲ್ಲ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಎಡಕ್ಕೆ ಹೋಗುತ್ತದೆ. ಮಗಳು ಹಿಂದೆ ನಿಂತು 'ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಸಾಕು' ಅಂತ ಕೈ ಮಾಡುತ್ತಾ, ಅಳಿಯ ಇಂಚು ಇಂಚಾಗಿ ಸರಿಸುತ್ತಾ, ಕೊನೆಗೆ ಗಾಡಿ ತನ್ನ ಜಾಗದಲ್ಲಿ ನಿಂತಿತು. ಚಕ್ರಕ್ಕೆ ಅಡ್ಡ ಕೊಟ್ಟು, ಮಟ್ಟ ನೋಡಿ, ಪಿಕಪ್‌ನಿಂದ ಬಿಡಿಸಿದರೆ ಮನೆ ಅಲ್ಲೇ ನಿಂತಿರುತ್ತದೆ, ನಾವು ಪಿಕಪ್‌ನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು.

ಆ ಮೈದಾನದಲ್ಲಿ ಒಂದೊಂದು ಜಾಗಕ್ಕೂ ಬೇರೆ ಬೇರೆ ಕರೆಂಟು, ನೀರಿನ ಪೈಪು ಇಲ್ಲ. ತುಂಬಿಸಿಕೊಂಡು ಬಂದ ನೀರಲ್ಲೇ ದಿನ ಕಳೆಯಬೇಕು. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜಿದ್ದಕ್ಕೆ ಮೊಮ್ಮಗಳಿಗೆ ಅಪ್ಪನಿಂದ ಬೈಗುಳ ಬಿತ್ತು. ಜನರೇಟರ್ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಉಪ್ಪಿಟ್ಟು ಮಾಡಿ ತಿಂದಾದ ಮೇಲೆ ಪಾತ್ರೆ ತೊಳೆದ ನೀರನ್ನು ಮರದ ಬುಡಕ್ಕೆ ಚೆಲ್ಲುವ ಹಾಗೂ ಇಲ್ಲ. ವಾಸನೆಗೆ ಕರಡಿ ಬರುತ್ತದೆ. ಬಾಣಲೆ, ಎಣ್ಣೆ ಬಾಟಲಿ, ಸೋಪು, ಟೂತ್‌ಪೇಸ್ಟ್ ಯಾವುದನ್ನೂ ಮೇಜಿನ ಮೇಲೆ ಬಿಟ್ಟು ಹೋಗಬಾರದು, ಎಲ್ಲ ಗಾಡಿಯೊಳಗೇ ಇರಬೇಕು. ಒಮ್ಮೆ ಮನುಷ್ಯರ ತಿಂಡಿಯ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುವುದೂ ಉಂಟು. ಅದಕ್ಕೇ ಅಷ್ಟು ಬಿಗಿ.

ಅವತ್ತು ಓಲ್ಡ್ ಫೇತ್‌ಫುಲ್ ಬುಗ್ಗೆಯನ್ನೂ ನೋಡಿದೆವು. ಸುಮಾರು ಒಂದೂವರೆ ಗಂಟೆಗೊಮ್ಮೆ ಬಿಸಿನೀರು ಚಿಮ್ಮುತ್ತದೆ. ದಾರಿಯಲ್ಲಿ ಕಾಡೆಮ್ಮೆಗಳು ರಸ್ತೆಗೆ ಬಂದು ನಿಂತವು, ಎಲ್ಲ ಗಾಡಿಗಳೂ ಸುಮ್ಮನೆ ನಿಂತವು. ಒಂದು ಹಾರ್ನ್ ಇಲ್ಲ. ಅವುಗಳಿಂದ 23 ಮೀಟರ್, ಕರಡಿ ಮತ್ತು ತೋಳದಿಂದ 91 ಮೀಟರ್ ದೂರ ಇರಬೇಕು ಅನ್ನುವ ನಿಯಮ ಅಲ್ಲಿ ಮಕ್ಕಳ ಬಾಯಲ್ಲೂ ಇದೆ.

ಆದರೆ ನನ್ನ ಮನಸ್ಸಲ್ಲಿ ಉಳಿದದ್ದು ಹೊರಡುವ ಮೊದಲಿನ ಕೆಲಸ. ಅಲ್ಲೊಂದು ಡಂಪ್ ಸ್ಟೇಷನ್, ಅಂದರೆ ಗಾಡಿಯ ಕೊಳಚೆ ಖಾಲಿ ಮಾಡುವ ಜಾಗ ಇದೆ. ಸಿಮೆಂಟಿನ ನೆಲ, ಮಧ್ಯೆ ಮುಚ್ಚಳ ಇರುವ ತೂತು, ಪಕ್ಕದಲ್ಲಿ ತೊಳೆಯಲಿಕ್ಕೆ ಒಂದು ನಲ್ಲಿ. ಕುಡಿಯುವ ನೀರಿನ ನಲ್ಲಿ ಬೇರೆ ಕಡೆ. ಟ್ರೇಲರಿನಲ್ಲಿ ಶೌಚದ ಟ್ಯಾಂಕ್ ಬೇರೆ, ಸ್ನಾನ ಮತ್ತು ಪಾತ್ರೆ ನೀರಿನ ಟ್ಯಾಂಕ್ ಬೇರೆ. ಅಳಿಯ ರಬ್ಬರ್ ಗ್ಲೌಸ್ ಹಾಕಿಕೊಂಡು, ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಗೆ ತಿರುಗಿಸಿ ಕೂರಿಸಿ, ಇನ್ನೊಂದು ತುದಿಯನ್ನು ತೂತಿಗೆ ಇಳಿಸಿ, ಮೊದಲು ಶೌಚದ ಟ್ಯಾಂಕಿನ ಹಿಡಿ ಎಳೆದರು. ಅದು ಖಾಲಿಯಾದ ಮೇಲೆ ಇನ್ನೊಂದನ್ನು ಬಿಟ್ಟರು. ಸೋಪಿನ ನೀರು ಪೈಪನ್ನೇ ತೊಳೆದುಕೊಂಡು ಹೋಗುತ್ತದೆ, ಅದಕ್ಕೆ ಆ ಕ್ರಮ. ಕೆಲವೇ ನಿಮಿಷದಲ್ಲಿ ಮುಗಿಯಿತು, ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರೂ ಅವರವರ ಗಾಡಿಯದ್ದನ್ನು ಅವರೇ ಮಾಡಿದರು. ದೊಡ್ಡ ಸಂಬಳದವರು, ವಯಸ್ಸಾದವರು, ಹೆಂಗಸರು, ಯಾರಿಗೂ ಅದು ಕೀಳು ಕೆಲಸ ಅನಿಸಲಿಲ್ಲ.

ನಮ್ಮಲ್ಲಿ? ಮಲಹೊರುವ ಪದ್ಧತಿ ನಿಷೇಧಿಸಿ 2013ರಲ್ಲೇ ಕಾನೂನು ಬಂದಿದೆ. ಆದರೂ ಗುಂಡಿಗೆ ಇಳಿದವರ ಸಾವಿನ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದುತ್ತಿರುತ್ತೇವೆ. ಖಾಲಿ ಮಾಡುವ ಜಾಗ ಇಲ್ಲದೆ ಕ್ಯಾರವಾನ್ ಬಂದರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ರಾತ್ರಿ ಹೊತ್ತು ಯಾವುದೋ ಘಾಟಿ ತಿರುವಿನ ಹಳ್ಳಕ್ಕೆ ಬಿಟ್ಟು ಹೋಗುತ್ತಾರೆ, ಇಲ್ಲವೇ ಯಾರೋ ಬಡವನಿಗೆ ನೂರು ರೂಪಾಯಿ ಕೊಟ್ಟು ಬಕೆಟ್ಟಿನಲ್ಲಿ ಎತ್ತಿಸುತ್ತಾರೆ. ಘಟ್ಟದ ಹಳ್ಳ ಅಂದರೆ ಕೊನೆಗೆ ತುಂಗೆ, ಭದ್ರೆ, ಶರಾವತಿ. ಕೆಳಗಿನ ಊರಿನವರು ಕುಡಿಯುವುದು ಅದನ್ನೇ ಅಲ್ವಾ?

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್‌ಗಳು ಜೋಗದಂಥ ಜಾಗಗಳಲ್ಲಿ ಆಗಲೇ ಇವೆ. ಅಂಗಳದ ಒಂದು ಮೂಲೆಯಲ್ಲಿ ಮುಚ್ಚಿದ ಟ್ಯಾಂಕು, ಪೈಪು ಕೂರುವ ಬಾಯಿ, ಎರಡು ನಲ್ಲಿ, ನಾಲ್ಕು ಕರೆಂಟು ಪಾಯಿಂಟು ಇಟ್ಟರೆ ಆಯಿತು. ಟ್ಯಾಂಕು ತುಂಬಿದಾಗ ಪುರಸಭೆಯ ಸಕಿಂಗ್ ಗಾಡಿ ಬಂದು ಎಳೆದುಕೊಂಡು ಸಂಸ್ಕರಣಾ ಘಟಕಕ್ಕೆ ಸಾಗಿಸಲಿ. ಅದಕ್ಕೆ ದುಡ್ಡು ತಗೊಳ್ಳಲಿ, ಪ್ರವಾಸಕ್ಕೆ ಸಾವಿರಗಟ್ಟಲೆ ಸುರಿಯುವವರು ಇದಕ್ಕೂ ಕೊಡುತ್ತಾರೆ. ಬಾಡಿಗೆ ಗಾಡಿಗೆ ಪರವಾನಗಿ ಕೊಡುವಾಗಲೇ ಎಲ್ಲಿ ಖಾಲಿ ಮಾಡಿದರು ಅನ್ನುವ ರಸೀತಿ ಇಟ್ಟುಕೊಳ್ಳಬೇಕು ಅಂತ ಷರತ್ತು ಹಾಕಲಿ. ಮಲೆನಾಡಿನಲ್ಲಿ ಇಂಥ ಜಾಗಗಳು ಎಲ್ಲೆಲ್ಲಿ ಬರುತ್ತವೆ, ಯಾವಾಗ ಬರುತ್ತವೆ ಅಂತ ಪ್ರವಾಸೋದ್ಯಮ ಇಲಾಖೆಯವರು ಇದೇ ಅಂಕಣದಲ್ಲಿ ಉತ್ತರ ಕೊಟ್ಟರೆ ಒಳ್ಳೆಯದು.

— ಓದುಗರೊಬ್ಬರು, ಸಾಗರ