ಬೆಸ್ಟ್ ಕವರ್ ಯಾವುದು ಅಂತ ಕೇಳಿದ್ದೆಯಲ್ಲ, ಅದಕ್ಕೆ

ಪುಟ್ಟಾ,

ನೀನು ಕಳಿಸಿದ ಲಿಂಕ್‌ಗಳನ್ನೆಲ್ಲ ಕೂತು ಕೇಳಿದೆ. ಹಾಡು ಒಂದೇ, ಇಂಗ್ಲೆಂಡಿನ ಹಳೆಯ ಜಾನಪದ ಗೀತೆ 'ಸ್ಕಾರ್‌ಬರೋ ಫೇರ್'. ಹಾಡಿದವರು ಬೇರೆ ಬೇರೆ, ಅವರವರ ರೀತಿಯಲ್ಲಿ ಮತ್ತೆ ಹಾಡಿದ ಕವರ್‌ಗಳು. ಕೊನೆಗೆ ನಿನ್ನ ಪ್ರಶ್ನೆ, "ದೊಡ್ಡಮ್ಮಾ, ಇದರಲ್ಲಿ ಬೆಸ್ಟ್ ಯಾವುದು ಹೇಳು, ಅದನ್ನೇ ಹಿಡಿದು ನನ್ನ ಕವರ್ ಮಾಡ್ತೀನಿ." ನೇರವಾಗಿ ಹೇಳಿಬಿಡುತ್ತೇನೆ, ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೊಟ್ಟರೆ ನೀನು ಅದನ್ನೇ ಅಚ್ಚೊತ್ತಿದ ಹಾಗೆ ಹಾಡಿಬಿಡುತ್ತೀಯ. ನಿನ್ನ ಕಿವಿ ಅಷ್ಟು ಚುರುಕು, ನನಗೆ ಭಯ ಇರುವುದೂ ಅದರದ್ದೇ. ಅದರ ಬದಲು ಬೇರೆ ಪ್ರಶ್ನೆ ಇಟ್ಟುಕೊಂಡು ಎಲ್ಲವನ್ನೂ ಇನ್ನೊಂದು ಸಲ ಕೇಳು. ಈ ಹಾಡಿನಲ್ಲಿ ಮಾತಾಡುತ್ತಿರುವುದು ಯಾರು, ಯಾರಿಗೆ? ಹಾಡಿನಲ್ಲಿರುವ ಹುಡುಗಿಗೆ ತಿರುಗಿ ಮಾತಾಡೋಕೆ ಬಿಟ್ಟಿದ್ದಾರಾ ಇಲ್ವಾ?

ನೀನು ಕೇಳಿದ ಹೆಚ್ಚಿನ ಕವರ್‌ಗಳಲ್ಲಿ ಕಥೆ ಇಷ್ಟೇ. ಜಾತ್ರೆಗೆ ಹೊರಟವರ ಕೈಲಿ ಒಬ್ಬ ತನ್ನ ಹಳೇ ಪ್ರೇಯಸಿಗೆ ಮಾತು ಹೇಳಿ ಕಳಿಸುತ್ತಾನೆ. ನನಗೊಂದು ಅಂಗಿ ಮಾಡಿಕೊಡಲಿ, ಆದರೆ ಹೊಲಿಗೆ ಇರಬಾರದು, ಸೂಜಿ ತಾಕಿರಬಾರದು. ಆಗ ನನ್ನ ನಿಜವಾದ ಪ್ರೀತಿ ಆಗುತ್ತಾಳೆ. ಮರಳಿಂದ ಎಣ್ಣೆ ತೆಗಿ ಅನ್ನುವ ಕೆಲಸ. ಹಾಡಿನ ಹಳೆಯ ರೂಪಗಳಲ್ಲಿ ಆ ಅಂಗಿಯನ್ನು ಬತ್ತಿದ ಬಾವಿಯಲ್ಲಿ ಒಗೆಯಬೇಕು ಅಂತಲೂ ಇದೆ. ಆದರೆ ಅಲ್ಲಿ ಅವಳು ಬಾಯಿ ಮುಚ್ಚಿಕೊಂಡು ಇರುವುದಿಲ್ಲ! ಸಮುದ್ರದ ನೀರಿಗೂ ದಡಕ್ಕೂ ನಡುವೆ ನನಗೊಂದು ಎಕರೆ ಜಮೀನು ಹುಡುಕು, ಟಗರಿನ ಕೊಂಬಿನಿಂದ ಉಳು, ಒಂದೇ ಒಂದು ಮೆಣಸಿನ ಕಾಳು ಬಿತ್ತು, ಚರ್ಮದ ಕುಡುಗೋಲಿನಲ್ಲಿ ಕೊಯ್ಯಿ, ಎಲ್ಲ ಮುಗಿದ ಮೇಲೆ ಬಾ, ನಿನ್ನ ಅಂಗಿ ಇಸ್ಕೊಂಡು ಹೋಗು ಅನ್ನುತ್ತಾಳೆ. ಇದು ವಿರಹದ ಹಾಡೋ, ಪ್ರೇಮಿಗಳ ಜಗಳವೋ, ಇಬ್ಬರೂ ನಗುತ್ತಾ ಆಡುವ ಆಟವೋ ಅನ್ನುವುದು ಹಾಡುವವರ ಕೈಲಿದೆ.

ಇನ್ನೂ ಹಿಂದಕ್ಕೆ ಹೋದರೆ ಪ್ರೀತಿಯೇ ಕಾಣುವುದಿಲ್ಲ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ಅಮೆರಿಕದ ವಿದ್ವಾಂಸ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ 305 ಕಥನಗೀತೆಗಳನ್ನು ಸಂಗ್ರಹಿಸಿ 1882ರಿಂದ 1898ರವರೆಗೆ ಪ್ರಕಟಿಸಿದ. ಅದರಲ್ಲಿ ಎರಡನೆಯದು 'ದಿ ಎಲ್ಫಿನ್ ನೈಟ್', ನಮ್ಮ ಹಾಡಿನ ಅಜ್ಜಿ ಅನ್ನಬಹುದು. ಅದರ ಒಂದು ಹಳೆಯ ಮುದ್ರಿತ ರೂಪ ಸುಮಾರು 1670ರದ್ದು. ಅಲ್ಲಿ ಗುಡ್ಡದ ಮೇಲೆ ಕೂತು ಕೊಂಬು ಊದುವವನು ಮನುಷ್ಯನೇ ಅಲ್ಲ, ಮಾಯಾಲೋಕದವನು. ಕೊಂಬಿನ ಸದ್ದಿಗೆ ಮರುಳಾದ ಹುಡುಗಿಗೆ ಅವನು ಆಗದ ಕೆಲಸ ಹೇಳುತ್ತಾನೆ, ಅವಳೂ ಆಗದ ಕೆಲಸವನ್ನೇ ತಿರುಗಿಸಿ ಹೇಳುತ್ತಾಳೆ. ಕೊನೆಗೆ ಆಸಾಮಿಗೆ ಮನೆಯಲ್ಲಿ ಹೆಂಡತಿ, ಏಳು ಮಕ್ಕಳು ಇದ್ದಾರೆ ಅಂತ ಅವನ ಬಾಯಿಂದಲೇ ಬರುತ್ತದೆ! ಅವಳು ಬಚಾವಾಗುವುದು ತನ್ನ ಮಾತಿನ ಚಾಲಾಕಿನಿಂದ. ನೀನು ಮೊಂಬತ್ತಿ ಹಚ್ಚಿಟ್ಟು ಮೆಲ್ಲಗೆ ಹಾಡಬೇಕು ಅಂದುಕೊಂಡಿರುವ ಹಾಡಿನ ಬೇರು ಇಂಥದ್ದು.

ಇನ್ನು ಸೈಮನ್ ಅಂಡ್ ಗಾರ್‌ಫಂಕಲ್. ಅಮೆರಿಕದ ಈ ಗಾಯಕ ಜೋಡಿಯ ಕವರ್‌ಗೆ ನಿನ್ನ ಪಟ್ಟಿಯಲ್ಲಿ ಮೊದಲ ಸ್ಥಾನ, ಪ್ರಪಂಚದ ಪಟ್ಟಿಯಲ್ಲೂ ಅಷ್ಟೇ. 1966ರ ಆಲ್ಬಮ್‌ನಲ್ಲಿ ಬಂತು, 1967ರ ಕೊನೆಯಲ್ಲಿ 'ದಿ ಗ್ರಾಜುಯೇಟ್' ಸಿನಿಮಾದಲ್ಲಿ ಬಂದು ಎಲ್ಲರ ಬಾಯಲ್ಲಿ ಕೂತಿತು. ಸಾಹಿತ್ಯವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನೋಡು. ಅಂಗಿ ಇದೆ. ಬಾವಿ ಇಲ್ಲ. ಉಳುಮೆ ಇಲ್ಲ. ಸಮುದ್ರದ ಅಂಚಿನ ಎಕರೆ ಜಮೀನು ಇದೆ, ಚರ್ಮದ ಕುಡುಗೋಲೂ ಇದೆ, ಆದರೆ ಅವನ್ನೂ 'ಅವಳಿಗೆ ಹೇಳು' ಅಂತಲೇ ಹಾಡಿದ್ದಾರೆ. ಅಂದರೆ ಅವಳು ಅವನಿಗೆ ಹೇಳಬೇಕಾದ ಕೆಲಸಗಳೂ ಅವಳ ತಲೆಗೇ ಬಂದವು, ಅವಳ ಉತ್ತರ ಮಾತ್ರ ಪೂರ್ತಿ ಮಾಯ. ಇದು ಗೊತ್ತಾದ ಮೇಲೆ ನನಗೆ ಆ ರೆಕಾರ್ಡಿಂಗ್ ಮೊದಲಿನ ಹಾಗೆ ಕೇಳಲಿಲ್ಲ.

ಹಾಗಂತ ಅವರು ಹಾಡನ್ನು ಕೆಡಿಸಿದರು ಅಂತಲೂ ಹೇಳುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳು, ಹಿಂದೆ ಇನ್ನೊಂದು ಹಾಡು ಹೋಗುತ್ತಿರುತ್ತದೆ. ಅದರ ಹೆಸರು 'ಕ್ಯಾಂಟಿಕಲ್'. ಪಾಲ್ ಸೈಮನ್ ಮೊದಲೇ ಬರೆದಿದ್ದ ಯುದ್ಧವಿರೋಧಿ ಹಾಡಿನ ಸಾಲುಗಳನ್ನು ತಿದ್ದಿ, ಗಾರ್‌ಫಂಕಲ್ ಮಾಡಿದ ಬೇರೆ ಮಟ್ಟಿಗೆ ಕೂರಿಸಿ, ಮುಖ್ಯ ಹಾಡಿನ ಸಂದುಗಳಲ್ಲಿ ಹೆಣೆದಿದ್ದಾರೆ. ಮುಂದುಗಡೆ ಒಬ್ಬ ಅಂಗಿ ಕೇಳುತ್ತಿದ್ದರೆ ಹಿಂದುಗಡೆ ಸೈನಿಕನೊಬ್ಬ ಬಂದೂಕು ಒರೆಸುತ್ತಿದ್ದಾನೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ಹಾಗೆ ಕೇಳಿದಾಗ ಅವಳ ಉತ್ತರ ಯಾಕಿಲ್ಲ ಅನ್ನುವುದಕ್ಕೆ ಒಂದು ಅರ್ಥ ಹೊಳೆಯುತ್ತದೆ, ಇವನು ಅವಳಿಂದ ಎಷ್ಟು ದೂರ ಇದ್ದಾನೆ ಅಂದರೆ ಉತ್ತರ ಬಂದರೂ ಅವನಿಗೆ ತಲುಪುವುದಿಲ್ಲ. ಇದು ನನ್ನ ಓದು, ನಿನಗೆ ಬೇರೆ ಕಾಣಬಹುದು. ನಾನು ಹೇಳುವುದು ಇಷ್ಟು, ಅವರು ಚರಣ ಬಿಟ್ಟ ಜಾಗಕ್ಕೆ ಬೇರೆ ಏನನ್ನೋ ತಂದು ಇಟ್ಟರು. ಅವರನ್ನು ನೋಡಿ ಕವರ್ ಮಾಡಿದ ಎಷ್ಟೋ ಜನ 'ಕ್ಯಾಂಟಿಕಲ್' ಅನ್ನೂ ಬಿಟ್ಟರು, ಅವಳ ಚರಣಗಳನ್ನೂ ವಾಪಸ್ ತರಲಿಲ್ಲ. ಉಳಿದಿದ್ದು ಬರೀ ಇಂಪು. ನೀನು ಕಳಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥವೇ.

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಮಾಡಿದ್ದು ಇನ್ನೂ ಧೈರ್ಯದ ಕೆಲಸ. 1963ರ 'ಗರ್ಲ್ ಫ್ರಮ್ ದಿ ನಾರ್ತ್ ಕಂಟ್ರಿ' ಕವರ್ ಅಲ್ಲ, ಬೇರೆ ಹಾಡೇ. ಆದರೂ ನಿನ್ನ ಪಟ್ಟಿಗೆ ಸೇರಿಸಿಕೋ. ಆಗದ ಕೆಲಸಗಳನ್ನೆಲ್ಲ ತೆಗೆದುಹಾಕಿದ. ಆ ಕಡೆ ಹೋಗುವವರ ಕೈಲಿ ಮಾತು ಕಳಿಸುವ ರೀತಿ ಉಳಿಸಿಕೊಂಡ, ಅವಳು ಒಂದು ಕಾಲಕ್ಕೆ ನನ್ನ ಪ್ರೀತಿ ಆಗಿದ್ದಳು ಅನ್ನುವ ಸಾಲು ಉಳಿಸಿಕೊಂಡ. ಅವಳಿಂದ ಏನೂ ಕೇಳುವುದಿಲ್ಲ, ಚಳಿಗೆ ಬೆಚ್ಚಗಿನ ಕೋಟು ಹಾಕಿಕೊಂಡಿದ್ದಾಳಾ ನೋಡು ಅನ್ನುತ್ತಾನೆ, ಅಷ್ಟೇ. ಅದೇ ಹಾಡನ್ನು 1969ರಲ್ಲಿ ಗಾಯಕ ಜಾನಿ ಕ್ಯಾಶ್ ಜೊತೆ ಮತ್ತೆ ಹಾಡಿದ. ಇಬ್ಬರೂ ಪೂರ್ತಿ ಹೊಂದಿಕೊಳ್ಳದೆ ಅಲ್ಲಲ್ಲಿ ಎಡವುತ್ತಾರೆ, ನನಗೆ ಅದೇ ಜಾಸ್ತಿ ಇಷ್ಟ.

ಈಗ ಮಟ್ಟಿನ ವಿಷಯ. ಇಲ್ಲಿ ನೀನು ಸ್ವಲ್ಪ ಬೈಸಿಕೊಳ್ಳಬೇಕು. ನೀನು ಕಳಿಸಿದ ಟ್ರಯಲ್ ರೆಕಾರ್ಡಿಂಗ್‌ನಲ್ಲಿ ಧೈವತ ಸ್ವರ ತಪ್ಪಿದೆ. ಸಾಹಿತ್ಯ ಬಿಟ್ಟು ಸ್ವರ ಹಾಡಿಕೋ, ಗೊತ್ತಾಗುತ್ತದೆ. ಮೊದಲ ಸಾಲು ಷಡ್ಜದಿಂದ ನೇರ ಪಂಚಮಕ್ಕೆ ಹಾರಿ, ಆಮೇಲೆ ರಿ ಗ ರಿ ಸ ಅಂತ ಕೆಳಗೆ ಬಂದು ನಿಲ್ಲುತ್ತದೆ. ಎರಡನೇ ಸಾಲು, ಪಾರ್ಸ್ಲಿ, ಸೇಜ್, ರೋಸ್‌ಮೇರಿ, ಥೈಮ್ ಅನ್ನುವ ನಾಲ್ಕು ಗಿಡಗಳ ಹೆಸರಿನದು, ಪ ನಿ ಸ ನಿ ಪ ಧ ಮ ಪ. ಅಲ್ಲಿ 'ರೋಸ್‌ಮೇರಿ'ಯ ಕೊನೆಯ ಅಕ್ಷರಕ್ಕೆ ಬೀಳುವ ಧೈವತ ಚತುಶ್ರುತಿ, ಎತ್ತರದ ಧೈವತ. ಅಂದರೆ ನಮ್ಮ ಖರಹರಪ್ರಿಯ ರಾಗದ ಸ್ವರಗಳು, ಅವರ ಕಡೆ ಡೋರಿಯನ್ ಅನ್ನುತ್ತಾರೆ. ನೀನು ಅದನ್ನು ಇಳಿಸಿ ನಟಭೈರವಿ ಮಾಡಿಬಿಟ್ಟಿದ್ದೀಯ. ನಿನ್ನ ತಪ್ಪಿಗೆ ಗಿಟಾರ್ ಕಾರಣ ಅಂತ ನನ್ನ ಅನುಮಾನ. ಎ ಮೈನರ್ ಕಾರ್ಡ್ ಹಿಡಿದಾಗ ಆ ಜಾಗಕ್ಕೆ ಡಿ ಮೇಜರ್ ಬರಬೇಕು, ನೀನು ಅಭ್ಯಾಸಬಲದಿಂದ ಡಿ ಮೈನರ್ ಹಿಡಿದಿದ್ದೀಯ, ಗಂಟಲು ಅದರ ಹಿಂದೆ ಹೋಗಿದೆ. ಆ ಒಂದು ಸ್ವರ ಇಳಿದರೆ ಹಾಡು ಗೋಳಾಗುತ್ತದೆ. ಮೇಲೆ ಇದ್ದರೆ ದುಃಖವೂ ಇರುತ್ತದೆ, ಒಂದು ಚೂರು ತುಂಟತನವೂ ಇರುತ್ತದೆ. ಈ ಹಾಡಿಗೆ ಎರಡೂ ಬೇಕು. ಪಾಲ್ ಸೈಮನ್ ಗಿಟಾರ್‌ನಲ್ಲಿ ಏಳನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕುತ್ತಾನೆ ಅಂತ ನೀನೂ ಹಾಕಬೇಕಿಲ್ಲ. ನಿನ್ನ ಶ್ರುತಿಗೆ ಅದು ಜಾಸ್ತಿ ಮೇಲಾಗುತ್ತದೆ, ಸುಮ್ನೆ ಕಿರುಚಬೇಡ.

ಉಳಿದ ಕವರ್‌ಗಳ ಬಗ್ಗೆ ಬೇಗ ಮುಗಿಸುತ್ತೇನೆ. ಸೆರ್ಜಿಯೋ ಮೆಂಡಿಸ್ ಬ್ರೆಜಿಲ್ ತಾಳಕ್ಕೆ ತಂದಿದ್ದು, 1968ರದ್ದು, ಕೇಳೋಕೆ ಖುಷಿ. ಅಲ್ಲಿ ಯಾರಿಗೂ ಯಾರ ಮೇಲೂ ಕೋಪ ಇಲ್ಲ, ಅಂಗಿ ಬೇಕಾದರೆ ಅಂಗಡಿಯಲ್ಲೇ ತಗೊಳ್ಳೋಣ ಅನ್ನುವ ಹಾಗಿದೆ. 2000ದ ಸಾರಾ ಬ್ರೈಟ್‌ಮನ್ ಕಂಠಕ್ಕೆ ನಾನು ಏನೂ ಹೇಳುವ ಹಾಗಿಲ್ಲ, ಆದರೆ ಆ ಮಂಜು ಮುಸುಕಿದ ಏರ್ಪಾಡಿನಲ್ಲಿ ಒಂದು ಮಾತೂ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಹೇಳಿದ ಹಾಗೆ ಕೇಳಿಸುವುದಿಲ್ಲ. ಮೇರಿಯನ್ ಫೇಯ್ತ್‌ಫುಲ್ 1966ರಲ್ಲಿ, ಸೈಮನ್ ಅಂಡ್ ಗಾರ್‌ಫಂಕಲ್ ಆಲ್ಬಮ್‌ಗಿಂತ ಮೊದಲೇ, ಹಾಡಿದ್ದಾಳೆ, ಅದನ್ನು ಹುಡುಕಿ ಕೇಳು. ಸ್ಟೋನ್ ರೋಸಸ್ ಅನ್ನುವ ಬ್ಯಾಂಡ್ 1989ರಲ್ಲಿ ಇದೇ ಮಟ್ಟಿನಲ್ಲಿ ಇಂಗ್ಲೆಂಡಿನ ರಾಣಿಯ ವಿರುದ್ಧ ಒಂದು ನಿಮಿಷದ ಹಾಡು ಕಟ್ಟಿತ್ತು. ಇಂಥ ಮಟ್ಟುಗಳಿಗೆ ಯಾವ ಯಜಮಾನನೂ ಇಲ್ಲ ನೋಡು.

ಇಲ್ಲ ಅಂದೆ, ಆದರೆ ಅಲ್ಲೇ ಒಂದು ತಕರಾರಿದೆ. ನಿನಗೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದರಲ್ಲಿ ಅದೂ ಒಂದು. ಹಾಡಿನ ಹೆಸರು ಯಾರ್ಕ್‌ಷೈರ್‌ನ ಕಡಲ ದಂಡೆಯ ಊರಿನದು. 1253ರಲ್ಲಿ ದೊರೆ ಮೂರನೇ ಹೆನ್ರಿ ಅಲ್ಲಿನ ಜಾತ್ರೆಗೆ ಸನ್ನದು ಕೊಟ್ಟ, ಆಗಸ್ಟ್ 15ರಿಂದ 45 ದಿನ ನಡೆಯುತ್ತಿತ್ತು, 1788ರಲ್ಲಿ ನಿಂತೇ ಹೋಯಿತು. ಬೇರೆ ಊರಿನವರು ತಮ್ಮ ಜಾತ್ರೆಯ ಹೆಸರು ಹಾಕಿಕೊಂಡೂ ಹಾಡಿದ್ದಾರೆ, 'ವಿಟಿಂಗ್‌ಹ್ಯಾಮ್ ಫೇರ್' ಅಂತ ಇನ್ನೊಂದಿದೆ. ನಾವೆಲ್ಲ ಈಗ ಕೇಳುವ ಮಟ್ಟು ಸಿಕ್ಕಿದ್ದು ಸ್ಕಾರ್‌ಬರೋದಲ್ಲೂ ಅಲ್ಲ. ಡರಮ್ ಕೌಂಟಿಯ ಮಿಡಲ್‌ಟನ್-ಇನ್-ಟೀಸ್‌ಡೇಲ್‌ನಲ್ಲಿ ಸೀಸದ ಗಣಿಯಲ್ಲಿ ದುಡಿದು ನಿವೃತ್ತನಾದ ಮುದುಕನೊಬ್ಬ 1947ರಲ್ಲಿ ಜಾನಪದ ಗಾಯಕ ಯುವಾನ್ ಮಕಾಲ್‌ಗೆ ಹಾಡಿ ತೋರಿಸಿದ. ಮಕಾಲ್ ಮತ್ತು ಗಾಯಕಿ ಪೆಗಿ ಸೀಗರ್ 1960ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅಲ್ಲಿಂದ ಇಂಗ್ಲೆಂಡಿನ ಜಾನಪದ ಗಾಯಕ ಮಾರ್ಟಿನ್ ಕಾರ್ಥಿ ಎತ್ತಿಕೊಂಡು, ತನ್ನದೇ ಗಿಟಾರ್ ನುಡಿಸಾಣಿಕೆ ಕಟ್ಟಿ, ಲಂಡನ್‌ನ ಕ್ಲಬ್‌ಗಳಲ್ಲಿ ಹಾಡುತ್ತಿದ್ದ. ಡಿಲನ್ ಕಲಿತಿದ್ದು ಅವನಿಂದ, ಸೈಮನ್ ಕಲಿತಿದ್ದೂ ಅವನಿಂದಲೇ. ಆದರೆ 1966ರ ಆಲ್ಬಮ್ ಮೇಲೆ ರಚನೆ ಅಂತ ಇದ್ದ ಹೆಸರುಗಳು ಸೈಮನ್ ಮತ್ತು ಗಾರ್‌ಫಂಕಲ್, ಎರಡೇ. ಕಾರ್ಥಿಗೆ ಇದು ಬಹಳ ವರ್ಷ ಚುಚ್ಚುತ್ತಿತ್ತು. ಕೊನೆಗೆ 2000ದಲ್ಲಿ ಲಂಡನ್‌ನ ಹ್ಯಾಮರ್‌ಸ್ಮಿತ್‌ನಲ್ಲಿ ಸೈಮನ್ ತನ್ನ ವೇದಿಕೆಗೆ ಕಾರ್ಥಿಯನ್ನು ಕರೆದ, ಇಬ್ಬರೂ ಸೇರಿ ಅದೇ ಹಾಡು ಹಾಡಿದರು.

ನೀನು ಯಾರಿಂದ ಕಲಿತೆಯೋ ಅವರ ಹೆಸರು ವಿಡಿಯೋ ಕೆಳಗೆ ಹಾಕು. 'ಜಾನಪದ ಗೀತೆ' ಅಂತ ಬರೆದು ಕೈತೊಳೆದುಕೊಳ್ಳಬೇಡ. ಜಾನಪದ ಸರಿ, ಆದರೆ ಆ ಗಿಟಾರ್ ಬೆರಳಾಟ ಜಾನಪದ ಅಲ್ಲ, ಅದು ಕಾರ್ಥಿದೋ ಸೈಮನ್‌ದೋ ಇರುತ್ತದೆ. ಇದಕ್ಕೆ ಒಂದು ಸಾಲು ಸಾಕು, ಅಷ್ಟಕ್ಕೂ ಯಾರೂ ನಿನ್ನ ಆಸ್ತಿ ಕೇಳುತ್ತಿಲ್ಲ.

ಆ ನಾಲ್ಕು ಗಿಡಗಳ ಗೂಢಾರ್ಥ ಕೇಳಿದ್ದೀಯ. ಅದಕ್ಕೆ ಬೇಕಾದಷ್ಟು ವಿವರಣೆ ಓಡಾಡುತ್ತಿವೆ, ಹಾಡು ಪ್ಲೇಗ್ ಬಗ್ಗೆ ಅನ್ನುವವರೂ ಇದ್ದಾರೆ. ಆಧಾರ ಇಟ್ಟು ಹೇಳಿದವರು ನನಗೆ ಸಿಕ್ಕಿಲ್ಲ. ಪಲ್ಲವಿಗೆ ಬಾಯಿತುಂಬ ಶಬ್ದ ಬೇಕು, ಇದೆ, ಹಾಡು. ವಿಡಿಯೋ ಕೆಳಗೆ ಆ ಕಥೆಯೆಲ್ಲ ಬರೆಯಬೇಡ.

ಈಗ ಮಾಡಬೇಕಾದ ಕೆಲಸ. ಮೊದಲು ಅವಳ ಚರಣಗಳನ್ನು ಹುಡುಕಿ ಬರೆದುಕೋ. ಅಂಗಿ, ಬಾವಿ ಅವನಿಗೆ ಬಿಡು. ಎಕರೆ, ಕೊಂಬು, ಮೆಣಸು, ಕುಡುಗೋಲು ಅವಳಿಗೆ ಕೊಡು. ನಿನ್ನ ತಮ್ಮ ಪರವಾಗಿಲ್ಲದ ಹಾಗೆ ಹಾಡುತ್ತಾನೆ, ಅವನ ಭಾಗ ಅವನೇ ಹಾಡಲಿ. ಅವನು ಒಪ್ಪದಿದ್ದರೆ ಎರಡನ್ನೂ ನೀನೇ ಹಾಡು, ಆದರೆ ಧ್ವನಿ ಬದಲಿಸುವ ನಾಟಕ ಬೇಡ. ಅವನ ಚರಣಕ್ಕೆ ಗಿಟಾರ್ ಇರಲಿ, ಅವಳ ಮೊದಲ ಚರಣಕ್ಕೆ ಗಿಟಾರ್ ನಿಲ್ಲಿಸಿಬಿಡು, ಬರೀ ಕಂಠ. ತಿಶ್ರ ನಡೆ ಒಳಗೆ ಓಡುತ್ತಿರಲಿ, ತಾಳ ಜಾರಬಾರದು. ರೀವರ್ಬ್ (ಧ್ವನಿಗೆ ಸೇರಿಸುವ ಗುಂಗು) ಕಡಿಮೆ ಹಾಕು, ಮಾತು ಕೇಳಿಸಬೇಕು. ಆಮೇಲೆ ಅವಳ ಕೊನೆಯ ಸಾಲು, ಬಂದು ಅಂಗಿ ತಗೊಂಡು ಹೋಗು ಅನ್ನುವುದು, ನಗುತ್ತಾ ಹೇಳುತ್ತಾಳೋ ಬಾಗಿಲು ಹಾಕುತ್ತಾ ಹೇಳುತ್ತಾಳೋ ನೀನೇ ನಿರ್ಧಾರ ಮಾಡು. ಮೈಕ್ ಆನ್ ಮಾಡಿದ ಮೇಲೆ ಅಲ್ಲ, ಅದಕ್ಕೆ ಮೊದಲೇ.

ಚರಣಗಳ ಪಟ್ಟಿಯನ್ನು ನನಗೆ ಕಳಿಸು, ರೆಕಾರ್ಡಿಂಗ್ ಆಮೇಲೆ. ಡಿ ಮೇಜರ್ ಮರೀಬೇಡ.

ನಿನ್ನ ದೊಡ್ಡಮ್ಮ